ಜೊತೆಗೆ ನೋಡಿದವರು

ನಾನು ನಿಂತಿದ್ದದ್ದು ಭೀಮನಬೀಡಿನಿಂದ ಕಾಡಿನ ಕಡೆಗೆ ಹೋಗುವ ಗಾಡಿದಾರಿಯ ಎಡಕ್ಕೆ, ಮೂರು ಹೊಲಗಳ ಗಡಿ ಸೇರುವ ಕಲ್ಲಿನ ಪಕ್ಕದಲ್ಲಿ, ಬಲಮೊಣಕಾಲು ಆ ಕಲ್ಲಿಗೆ ತಾಗುವಷ್ಟು ಹತ್ತಿರ. ಹೊತ್ತು ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷ. ಕಾರ್ತಿಕ ಮಾಸದ ಒಂದು ಸೋಮವಾರ. ಮುಖ ಮೂಡಲಿಗಿತ್ತು. ಮಂಜು ಸೊಂಟದ ಎತ್ತರಕ್ಕಿತ್ತು. ಅದರ ಮೇಲಿನದೆಲ್ಲ ಕಾಣುತ್ತಿತ್ತು, ಕೆಳಗಿನದು ಕಾಣುತ್ತಿರಲಿಲ್ಲ.

ಏನು ನೋಡಿದೆ ಎಂಬುದಕ್ಕೆ ಮೊದಲೇ ಇಷ್ಟನ್ನೆಲ್ಲ ಹೇಳಿದ್ದಕ್ಕೆ ಕ್ಷಮಿಸಿ. ಹೀಗೆ ಶುರು ಮಾಡಬೇಕೆಂಬುದು ನಾನೇ ಮಾಡಿದ ನಿಯಮ. ನಿಂತ ಜಾಗ, ನೋಡಿದ ಹೊತ್ತು, ಜೊತೆಗೆ ನೋಡಿದವರು. ಈ ಮೂರೂ ಇಲ್ಲದ ಸುದ್ದಿಯನ್ನು ನಾನು ಕೆಲವು ವರ್ಷ ಒಂದು ಮೊಬೈಲ್ ಗ್ರೂಪಿನಲ್ಲಿ ಅಳಿಸುತ್ತ ಕೂತಿದ್ದೆ. ಬೇರೆಯವರದ್ದನ್ನು ಅಳಿಸಿದ ಕೈ ಈಗ ತನ್ನದನ್ನು ಬರೆಯುವಾಗ ತಾನಾಗಿ ಹೆದರುತ್ತದೆ.

ಮೊನ್ನೆ ನನ್ನ ಮೊಬೈಲು ತನ್ನೊಳಗೆ ಜಾಗವಿಲ್ಲವೆಂದು ತಕರಾರು ತೆಗೆಯಿತು. ಜಗಲಿಯ ಮೇಲೆ ಕೂತು ಹಳೆಯದನ್ನೆಲ್ಲ ಕಳೆಯತೊಡಗಿದೆ. ಬೆರಳಿನಲ್ಲಿ ಹಿಂದಕ್ಕೆ ನಡೆಯುವುದು ವಿಚಿತ್ರ ಸುಖ. ಈ ಮಳೆಗಾಲದಿಂದ ಬೇಸಗೆಗೆ, ಬೇಸಗೆಯಿಂದ ಹಿಂದಿನ ಚಳಿಗೆ, ಒಂದು ಗಳಿಗೆಯಲ್ಲಿ ಹೋಗಿಬಿಡಬಹುದು. ಹಾಗೆ ಹೋಗುತ್ತ ಹೋಗುತ್ತ, ಎರಡು ವರ್ಷ ಹಿಂದಿನ ಆ ಕಾರ್ತಿಕ ಸೋಮವಾರ ಸಿಕ್ಕಿತು. ಅದರ ತಲೆಯ ಮೇಲೆ ಒಂದು ಸಾಲು: 'ಈ ಸಂದೇಶವನ್ನು ಅಡ್ಮಿನ್ ಅಳಿಸಿದ್ದಾರೆ.'

ನಾನು ಸರ್ವೆ ಇಲಾಖೆಯಲ್ಲಿದ್ದವನು. ಚಾಮರಾಜನಗರದಲ್ಲಿ ಕೆಲಸಕ್ಕೆ ಸೇರಿ ಗುಂಡ್ಲುಪೇಟೆಯಲ್ಲಿ ನಿವೃತ್ತನಾದೆ. ಹೊಲದ ಗಡಿಗೆ ನೆಡುವ ಕಲ್ಲನ್ನು ನಾವು ಬಾಂದು ಕಲ್ಲು ಎನ್ನುತ್ತೇವೆ. ಯಾರಾದರೂ ಅದನ್ನು ಕಿತ್ತುಹಾಕಿದರೆ ನಾವು ಕಲ್ಲನ್ನು ಹುಡುಕುವುದಿಲ್ಲ, ಅದು ಕೂತಿದ್ದ ಗುಳಿಯನ್ನು ಹುಡುಕುತ್ತೇವೆ. ಕಿತ್ತವನು ಮಣ್ಣು ತುಂಬಿ ತುಳಿದಿದ್ದರೂ ಎರಡು ಮಳೆ ಬಿದ್ದ ಮೇಲೆ ಗುಳಿ ತಾನಾಗಿ ತಗ್ಗಿ ತನ್ನನ್ನು ತೋರಿಸಿಕೊಳ್ಳುತ್ತದೆ. ಆ ಸಾಲು ಅಂಥ ಗುಳಿ. ಒತ್ತಿದರೆ ಏನೂ ಕೇಳಿಸುವುದಿಲ್ಲ. ಅಲ್ಲಿ ಇಪ್ಪತ್ತೆರಡು ಸೆಕೆಂಡಿನ ಒಂದು ದನಿ ಇತ್ತೆಂದು ಕಿತ್ತವನಿಗೆ ಗೊತ್ತು. ಕಿತ್ತವನು ನಾನು.

ನಿವೃತ್ತನಾದ ಮೇಲೆ ನನ್ನ ಹೆಂಡತಿ ಪಾರ್ವತಿಯ ತವರಾದ ಭೀಮನಬೀಡಿನಲ್ಲಿ ಮನೆ ಮಾಡಿದೆವು. ರಾಗಿ ತೆನೆಗಟ್ಟುವ ಕಾಲಕ್ಕೆ ಇಲ್ಲಿಗೆ ಕಾಡಿನಿಂದ ಆನೆ ಬರುತ್ತದೆ. ಬೆಳಕಾಗುವ ಮುಂಚೆ ಕಾಡಂಚಿನ ಕಂದಕ ದಾಟಿ ಹಿಂತಿರುಗುವುದು ಅದರ ರೂಢಿ. ಒಮ್ಮೊಮ್ಮೆ ತಡಮಾಡುತ್ತದೆ. ತಡಮಾಡಿದ ಆನೆ ಎಲ್ಲಿದೆಯೆಂದು ಹೊಲಕ್ಕೆ ಹೋಗುವವರಿಗೆ ತಿಳಿಸಲು ಊರವರು 'ಆನೆ ಸುದ್ದಿ' ಎಂಬ ಗ್ರೂಪು ಮಾಡಿದರು. ಕಾಗುಣಿತ ತಪ್ಪದೆ ಬರೆಯುತ್ತಾನೆ, ಮಾಡಲು ಬೇರೆ ಕೆಲಸವಿಲ್ಲ ಎಂಬ ಎರಡು ಅರ್ಹತೆಗಳ ಮೇಲೆ ನನ್ನನ್ನು ಅಡ್ಮಿನ್ ಮಾಡಿದರು.

ಮೊದಲ ವಾರ ಆನೆಯೊಂದನ್ನು ಬಿಟ್ಟು ಎಲ್ಲವೂ ಬಂತು. ಇಬ್ಬನಿ ಕೂತ ಗುಲಾಬಿಯ ಶುಭೋದಯ ಬಂತು. ಮದುವೆಯ ಕರೆಯೋಲೆ ಬಂತು, ತಪ್ಪಿಸಿಕೊಂಡ ಎಮ್ಮೆ ಬಂತು, ಮಂಡಿನೋವಿಗೆ ಎಕ್ಕದ ಎಲೆ ಬಂತು. ಒಬ್ಬರು, ಆನೆಯೊಂದು ಬಸ್ಸನ್ನು ಅಟ್ಟಿಸಿಕೊಂಡು ಬರುವ ವಿಡಿಯೋ ಹಾಕಿ 'ಮದ್ದೂರು ಕಾಡು, ಈಗ ತಾನೇ' ಎಂದು ನಮ್ಮ ಪಕ್ಕದ ಕಾಡಿನ ಹೆಸರು ಬರೆದರು. ನಾನು ಅದನ್ನು ಹನ್ನೊಂದು ಸಲ ನೋಡಿದೆ. ಬಸ್ಸಿನ ಬಣ್ಣ ನಮ್ಮದಲ್ಲ. ರಸ್ತೆ ಬದಿಯ ಮರ ನಮ್ಮದಲ್ಲ. ಓಡುವ ಜನ ಕೂಗುವ ಭಾಷೆ ನಮ್ಮದಲ್ಲ, ಘಟ್ಟ ಇಳಿದರೆ ಸಿಗುವ ಮಲಯಾಳವೂ ಅಲ್ಲ, ಆಚೆಯ ತಮಿಳೂ ಅಲ್ಲ. ಅಳಿಸಿದೆ. ಹಾಕಿದವರಿಗೆ ಕೋಪ ಬಂತು.

"ಯಾವೂರ್ದಾದ್ರೇನ್ ಸಾ, ಆನೆ ಆನೇನೇ ಅಲ್ವಾ? ಜನ ಉಸಾರಾಗಿರ್ಲಿ ಅಂತ ಆಕ್ದೆ" ಎಂದರು.

ಉತ್ತರವಿಲ್ಲದಿದ್ದಾಗ ಸರ್ಕಾರಿ ನೌಕರಿಯಲ್ಲಿದ್ದವನು ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಒಂದು ನಿಯಮ ಮಾಡಿದೆ.

ಸರ್ವೆಯಲ್ಲಿ ಅಳತೆ ಮುಗಿದ ಮೇಲೆ ಮಹಜರು ಎಂಬ ಕಾಗದ ಬರೆಯುತ್ತೇವೆ. ಯಾವ ಕಲ್ಲಿನ ಬಳಿ ನಿಂತೆವು, ಎಷ್ಟು ಹೊತ್ತಿಗೆ, ಜೊತೆಗೆ ಯಾರಿದ್ದು ಕಣ್ಣಾರೆ ಕಂಡರು. ಕೊನೆಯಲ್ಲಿ ಆ ಸಾಕ್ಷಿಗಳ ರುಜು. ಆ ಕಾಗದವನ್ನೇ ಗ್ರೂಪಿಗೆ ಇಳಿಸಿದೆ. ಸುದ್ದಿ ಹಾಕುವವರು ನಿಂತ ಜಾಗ ಬರೆಯಬೇಕು, ಹೊತ್ತು ಬರೆಯಬೇಕು, ಜೊತೆಗೆ ನೋಡಿದವರ ಹೆಸರು ಬರೆಯಬೇಕು. ಒಬ್ಬರೇ ಕಂಡದ್ದು ಲೆಕ್ಕಕ್ಕಿಲ್ಲ.

ಪಾರ್ವತಿ ಅದನ್ನು ಓದಿ, "ಕಲ್ಲು ನೆಟ್ಟು ನೆಟ್ಟು ರಿಟೈರಾದ್ರಿ. ಈಗ ಊರೋರ ಬಾಯಿಗೂ ಗಡಿ ಕಲ್ಲು ನೆಡಕ್ಕೆ ಒಂಟ್ರಾ?" ಎಂದಳು.

ನೆಟ್ಟೆ. ಎದುರು ಮನೆಯ ನಂಜುಂಡಪ್ಪ ದಿನಾ ಬೆಳಿಗ್ಗೆ ಹುಲಿಯ ಮೇಲೆ ಕೂತ ಮಾದಪ್ಪನ ಪಟ ಹಾಕುತ್ತಿದ್ದರು. ನಾನು ಮಾದಪ್ಪನನ್ನು ಅಳಿಸುವುದು, ಅವರು ಮತ್ತೆ ಹಾಕುವುದು ಹೀಗೆ ಒಂದು ವಾರ ನಡೆದು, ಕೊನೆಗೆ ನಂಜುಂಡಪ್ಪನನ್ನೇ ತೆಗೆದೆ. ಎರಡು ದಿನ ಅವರು ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ಕ್ಷೌರದಂಗಡಿಯಲ್ಲಿ, ಅರ್ಧ ಗಲ್ಲಕ್ಕೆ ಸೋಪು ಬಳಿಸಿಕೊಂಡು ಕೂತವರು ಕನ್ನಡಿಯೊಳಗಿನಿಂದಲೇ ನನ್ನನ್ನು ಹಿಡಿದರು.

"ನಮ್ಮನೆ ಎಂಗಸ್ರೆಲ್ಲ ಗ್ರೂಪೊಳಗವ್ರೆ ಸಾ. ನಾನೊಬ್ಬ ಈಚ್ಗೆ. ನನ್ನಟ್ಟಿ ಬಾಗ್ಲಲ್ಲೇ ನನ್ನ ನಿಲ್ಸ್ಬುಟ್ರಲ್ಲ!"

ಅವರ ದನಿ ನಿಜವಾಗಿಯೂ ನೊಂದಿತ್ತು. ಅಲ್ಲೇ ನಿಂತು ಅವರನ್ನು ಮತ್ತೆ ಸೇರಿಸಿಕೊಂಡೆ. ಆಮೇಲೆ ಅವರಷ್ಟು ನಿಯಮ ಪಾಲಿಸಿದವರು ಇನ್ನೊಬ್ಬರಿಲ್ಲ.

ಮೊದಮೊದಲು ಜನಕ್ಕೆ ಸಾಕ್ಷಿ ಎಂಬುದು ತಮಾಷೆಯಾಗಿತ್ತು. 'ಜೊತೆಗೆ ನೋಡಿದವರು: ನಮ್ಮ ಕರಿ ಎತ್ತು' ಎಂದು ಒಬ್ಬರು ಬರೆದರು. 'ಮಾದಪ್ಪನೇ ಸಾಕ್ಷಿ' ಎಂದು ಇನ್ನೊಬ್ಬರು. ಎತ್ತನ್ನೂ ದೇವರನ್ನೂ ತಳ್ಳಿಹಾಕಿದೆ. ಬರಬರುತ್ತ ಎಲ್ಲ ಅಚ್ಚುಕಟ್ಟಾಯಿತು. ಪ್ರತಿ ಸುದ್ದಿಗೂ ಜಾಗ, ಹೊತ್ತು, ಎರಡು ಹೆಸರು. ಓದಲು ಸಂತೋಷವಾಗುತ್ತಿತ್ತು. ಅಚ್ಚುಕಟ್ಟಾಗಿರುವುದು ನಿಜವೂ ಆಗಿರುತ್ತದೆ ಎಂದು ನಂಬುವ ಕಾಯಿಲೆ ನನಗೆ ಇಲಾಖೆಯಿಂದಲೇ ಅಂಟಿದ್ದು.

ಈ 'ನಿಂತ ಜಾಗ' ಎಂಬುದನ್ನು ಮಾತ್ರ ಇಲಾಖೆ ಕಲಿಸಿದ್ದಲ್ಲ ಎಂದು ಈಚೆಗೆ ನೆನಪಾಗುತ್ತಿದೆ. ನನ್ನ ಹುಟ್ಟೂರು ಚಾಮರಾಜನಗರದ ಹತ್ತಿರದ ಉಡಿಗಾಲ. ಏಳು ವರ್ಷದವನಿದ್ದಾಗ ಒಂದು ಸಂಜೆ ಹುಚ್ಚೆಳ್ಳಿನ ಹೊಲದ ಬದುವಿನಲ್ಲಿ ನಿಂತು ನಾನು ಹುಲಿಯನ್ನು ನೋಡಿದೆ. ಹೊಲವೆಲ್ಲ ಹಳದಿ ಹೂವು. ಅದರಾಚೆ ಬೇಲಿಯ ಮೇಲೆ ಹಳದಿ ಕಪ್ಪು ಪಟ್ಟೆಯ ಬೆನ್ನೊಂದು ಮೆಲ್ಲಗೆ ಉಸಿರಾಡುತ್ತಿತ್ತು. ಕೂಗಿಕೊಂಡು ಊರಿಗೆ ಓಡಿದೆ. ಜನ ದೊಣ್ಣೆ ಹಿಡಿದು ಹೋದರು. ಯಾರೋ ಬೇಲಿಗೆ ಒಣಹಾಕಿದ್ದ ಜಮಖಾನ ಅದು. ಮೂರು ತಿಂಗಳು ನನ್ನನ್ನು ಊರಲ್ಲಿ 'ಜಮಖಾನದುಲಿ' ಎಂದೇ ಕರೆದರು.

ನಗದೆ ಇದ್ದವಳು ನಮ್ಮಜ್ಜಿ ಒಬ್ಬಳೇ. ಮಾರನೆಯ ದಿನ ಅದೇ ಹೊತ್ತಿಗೆ ನನ್ನ ಕೈ ಹಿಡಿದು ಬದುವಿಗೆ ಕರೆದುಕೊಂಡು ಹೋದಳು.

"ಎಲ್ ನಿಂತಿದ್ಲಾ?"

ತೋರಿಸಿದೆ. ಅಜ್ಜಿ ಸೊಂಟ ಹಿಡಿದುಕೊಂಡು ಬಗ್ಗಿದಳು. ಬಗ್ಗಿ ಬಗ್ಗಿ ನನ್ನ ಎತ್ತರಕ್ಕೆ ಇಳಿದು, ತನ್ನ ಕೆನ್ನೆಯನ್ನು ನನ್ನ ಕೆನ್ನೆಗೆ ಆನಿಸಿ ನೋಡಿದಳು. ಅವಳ ಕೆನ್ನೆಗೆ ವಿಭೂತಿಯ ವಾಸನೆ, ಎಲೆಯಡಕೆಯ ವಾಸನೆ. ಗಾಳಿ ಬೀಸಿತು. ಬೇಲಿಯ ಮೇಲೆ ಜಮಖಾನ ಉಸಿರಾಡಿತು. ಹುಚ್ಚೆಳ್ಳಿನ ಹೂವೆಲ್ಲ ಒಂದೇ ಸಲ ನಮ್ಮ ಕಡೆ ತಿರುಗಿದಂತಾಯಿತು.

"ಔದು ಕಣ್ಲಾ ಮಗ" ಎಂದಳು. "ಇಲ್ಲಿಂದ ಉಲೀನೇಯ."

ಆಮೇಲೆ ನೆಟ್ಟಗೆ ಆ ಮನೆಗೆ ಹೋಗಿ, "ಆ ಜಮಖಾನ ಒಳಕ್ಕೆ ತಕ್ಕಳ್ರವ್ವ, ಐಕ್ಳು ಎದ್ರಕತ್ತವ" ಎಂದು ಹೇಳಿ ಬಂದಳು.

ಅಜ್ಜಿ ಕೇಳಿದ ಆ ಒಂದು ಪ್ರಶ್ನೆಯನ್ನು ನಾನು ಐವತ್ತು ವರ್ಷ ಕಾಪಾಡಿಕೊಂಡು ಬಂದು ಗ್ರೂಪಿನ ನಿಯಮ ಮಾಡಿದೆ. ಬಗ್ಗುವುದನ್ನು ಮಾತ್ರ ಬಿಟ್ಟೆ.

ಇನ್ನು ಸಿದ್ದಯ್ಯ. ಭೀಮನಬೀಡಿನಲ್ಲಿ ಸಾರುವ ಕೆಲಸ ಅವರದಾಗಿತ್ತು. ಕೆರೆಯ ನೀರು ಬಿಡುವುದಿದ್ದರೆ, ದನ ಕಟ್ಟಿಹಾಕಬೇಕಿದ್ದರೆ, ಬೀದಿ ಬೀದಿಯಲ್ಲಿ ನಿಂತು ತಮಟೆಯನ್ನು ಮೂರು ಸಲ ಬಡಿದು ಕೂಗುತ್ತಿದ್ದರು. ಮೊಬೈಲು ಬಂದ ಮೇಲೆ ತಮಟೆ ಗೂಟಕ್ಕೆ ಏರಿತು. ಸಿದ್ದಯ್ಯ ಮರ ಏರಿದರು. ಕಾಡಿನ ಅಂಚಿನ ಹೊಲಗಳಿಗೆ, ಹೊಂಗೆ ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಕಾವಲು. ಅಳಿಯ ಕೊಟ್ಟ ಹಳೆಯ ಫೋನು ಇತ್ತು. ಓದು ಬರಹ ಬಾರದು. ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡುವುದೊಂದು ಗೊತ್ತು. ತಮಟೆ ಇಲ್ಲವಲ್ಲ, ಅದಕ್ಕೆ ಮೂರು ಸಲ ಕೆಮ್ಮಿ ಶುರು ಮಾಡುತ್ತಿದ್ದರು.

"ಕೇಳ್ರಪ್ಪೋ. ಏನೂ ಇಲ್ಲ. ಮಂಜು ಅದ. ಮಂಜೊಳಗ ಏನೋ ಉಸ್ರಾಡ್ದಂಗಾಯ್ತದ. ನಾನೊಬ್ನೇ ಇವ್ನಿ."

ಇದು ಅವರು ಕಳಿಸಿದ ಒಂದು ದನಿ. ಹಿಂದೆ ಹೊಂಗೆ ಎಲೆಯಿಂದ ಎಲೆಗೆ ಇಬ್ಬನಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ದೂರದಲ್ಲಿ ಒಂದು ಕೋಳಿ. ಕಣ್ಣು ಮುಚ್ಚಿಕೊಂಡು ಮೂರು ಸಲ ಕೇಳಿದೆ. ಹಾಸಿಗೆಯಲ್ಲಿದ್ದವನು ಆ ಮರದ ಮೇಲೆಯೇ ಇದ್ದಂತಾಯಿತು. ಆಮೇಲೆ ಎದ್ದು ಕೂತು, ಕನ್ನಡಕ ಹಾಕಿಕೊಂಡು, 'ಅನ್ನಿಸಿದ್ದನ್ನು ಹಾಕಬಾರದು. ನೋಡಿದ್ದನ್ನು ಮಾತ್ರ ಹಾಕತಕ್ಕದ್ದು' ಎಂದು ಬರೆದೆ. ಓದಲು ಬಾರದವರಿಗೆ ಬರೆದ ಎಚ್ಚರಿಕೆ. ಅದು ಹೊಳೆಯಲು ಎರಡು ದಿನ ಬೇಕಾಯಿತು. ಹೊಳೆದ ಮೇಲೆ ಟೀ ಅಂಗಡಿಯ ಮುಂದೆ ಸಿಕ್ಕಾಗ ಬಾಯಲ್ಲೇ ಹೇಳಿದೆ.

"ಸಿದ್ದಯ್ಯ, ನೋಡಿದ್ದು ಹೇಳಿದ್ರೂ ಎರಡನೇ ಸಾಕ್ಷಿ ಬೇಕು."

"ಮರದ ಮ್ಯಾಲ ಇನ್ನೊಬ್ರುನ್ನ ಎಲ್ಲಿಂದ ತರ್ಲಿ ಬುದ್ಧಿ?"

"ಯಾರನ್ನಾದ್ರೂ ಕರೆದು ತೋರಿಸಿ."

"ನಾನ್ ಕರಿಯಕ್ಕ ಓದ್ರ ಅದು ಅಲ್ಲೇ ನಿಂತ್ಕಂಡು ಕಾದದಾ?"

ಎಲ್ಲರೂ ನಕ್ಕರು. ಬೆಂಚಿನ ಮೇಲಿದ್ದ ನಂಜುಂಡಪ್ಪ, "ನಂದೇ ಎಸ್ರು ಏಳ್ಬುಡು ಸಿದ್ದಯ್ಯ. ನಾನೇನ್ ಬೇಡ ಅಂದನಾ?" ಎಂದರು.

"ನೋಡ್ದೆ ಇರೋರ ಎಸ್ರ ಎಂಗೇಳನ?" ಎಂದರು ಸಿದ್ದಯ್ಯ. ಜಗಳದ ದನಿಯಲ್ಲಿ ಅಲ್ಲ, ನಿಜವಾಗಿ ತಿಳಿಯದೆ ಕೇಳಿದಂತೆ. ಮುಂದೆಯೂ ಅವರು ಕಳಿಸಿದ ಪ್ರತಿ ದನಿಯ ಕೊನೆಯಲ್ಲಿ 'ನಾನೊಬ್ನೇ ನೋಡ್ದೆ' ಎಂದಿರುತ್ತಿತ್ತು. ನಾನು ಅಳಿಸುತ್ತಿದ್ದೆ.

ಗ್ರೂಪಿನಲ್ಲಿ ಇಲ್ಲದವರೂ ಗ್ರೂಪನ್ನು ನಂಬಿ ನಡೆಯುತ್ತಾರೆ ಎಂಬುದನ್ನು ಅಡ್ಮಿನ್ ಆದವನು ಯೋಚಿಸುವುದಿಲ್ಲ. ಮಹದೇವಮ್ಮನದು ಬಟನ್ ಫೋನು. ಕಾಡಿನ ಕಡೆಯ ಚೆಂಡುಹೂವಿನ ಹೊಲದಲ್ಲಿ ಹೂ ಬಿಡಿಸುವ ಕೆಲಸ. ಏಳು ಗಂಟೆಗೆ ಹೂವಿನ ಟೆಂಪೋ ಬರುವಷ್ಟರಲ್ಲಿ ಚೀಲ ತುಂಬಬೇಕು. ಹೋಗುವ ದಾರಿಯಲ್ಲಿ ನಮ್ಮ ಗೇಟಿನ ಬಳಿ ನಿಂತು ದಿನಾ ಒಂದು ಮಾತು ಕೇಳುತ್ತಿದ್ದರು.

"ಸಾ, ಓಗ್ಬೋದಾ?"

ನಾನು ಮೊಬೈಲು ನೋಡಿ 'ಹೋಗಮ್ಮ' ಅಥವಾ 'ತಡೆಯಮ್ಮ' ಎನ್ನುತ್ತಿದ್ದೆ. ಅವರ ಮಟ್ಟಿಗೆ ಗ್ರೂಪು ಎಂದರೆ ನನ್ನ ಬಾಯಿ.

ಆ ಸೋಮವಾರ ಐದು ಗಂಟೆ ನಲವತ್ತು ನಿಮಿಷಕ್ಕೆ ಸಿದ್ದಯ್ಯನ ದನಿ ಬಂತು. ಮೂರು ಕೆಮ್ಮು. "ಕೇಳ್ರಪ್ಪೋ. ಚೆಂಡೂವಿನ ವಲದ ಮೂಡ್ಲು ಬದೀಲಿ ಒಂಟಿ ಆನ ನಿಂತದ. ಬಲಗಿವಿ ಅರ್ದಿರದು. ಓಗಿಲ್ಲ ಇನ್ನೂವ. ಯಾರೂ ಬರ್ಬ್ಯಾಡಿ. ನಾನೊಬ್ನೇ ನೋಡ್ದೆ." ಪೂರ್ತಿ ಕೇಳಿದೆ. ಪೂರ್ತಿ ಅರ್ಥವೂ ಆಯಿತು. ನಿಯಮ ನಿಯಮವೇ ಎಂದುಕೊಂಡು ಅಳಿಸಿದೆ. ಯಾಕೆ ಎಂದು ಈಗ ಕೇಳಿದರೆ, ದಿನಾ ಅಳಿಸುತ್ತಿದ್ದೆ ಎಂಬುದಕ್ಕಿಂತ ಬೇರೆ ಕಾರಣ ಸಿಗುವುದಿಲ್ಲ.

ಎರಡು ನಿಮಿಷದಲ್ಲಿ ನಂಜುಂಡಪ್ಪನ ಸುದ್ದಿ ಬಂತು. 'ಒಂಟಿ ಆನೆ ಕಂದಕ ದಾಟಿ ಕಾಡಿಗೆ ಹೋಗಿದೆ. ನಿಂತ ಜಾಗ: ಕಂದಕದ ಹತ್ತಿರ. ಹೊತ್ತು: 5.35. ಜೊತೆಗೆ ನೋಡಿದವರು: ಶಿವಣ್ಣ, ಮಹೇಶ.' ಒಂದು ಅಕ್ಷರದ ಕೊರತೆಯಿಲ್ಲ. ಹೆಬ್ಬೆರಳು ಎತ್ತಿದ ಗುರುತು ಹಾಕಿದೆ.

ಆರಕ್ಕೆ ಹದಿನೈದು ನಿಮಿಷವಿದ್ದಾಗ ಗೇಟು ಕಿರುಗುಟ್ಟಿತು.

"ಸಾ, ಓಗ್ಬೋದಾ?"

"ಹೋಗಮ್ಮ. ಏನೂ ಇಲ್ಲ."

ಪಾರ್ವತಿ ಕಾಫಿ ಕೊಟ್ಟಳು. ಲೋಟದಿಂದ ಹಬೆ ಏಳುತ್ತಿತ್ತು. ಆ ಹಬೆಯನ್ನು ನೋಡುತ್ತ ನೋಡುತ್ತ ಸಿದ್ದಯ್ಯನ ದನಿ ತಿರುಗಿ ಕೇಳಿಸತೊಡಗಿತು. ಓಗಿಲ್ಲ ಇನ್ನೂವ. ಅಳಿಸಿದ್ದು ಫೋನಿನಿಂದ ಮಾತ್ರ, ಕಿವಿಯಿಂದ ಹೋಗಿರಲಿಲ್ಲ. ಆ ದನಿಗೆ ಅವಸರವಿರಲಿಲ್ಲ, ನನ್ನನ್ನು ನಂಬಿಸುವ ಆಸೆಯೂ ಇರಲಿಲ್ಲ. ನಂಜುಂಡಪ್ಪನ ಸುದ್ದಿಯಲ್ಲಿ ಎಲ್ಲವೂ ಇತ್ತು, ಆನೆಯ ಕಿವಿ ಮಾತ್ರ ಇರಲಿಲ್ಲ. ಲೋಟ ಕೆಳಗಿಟ್ಟೆ. ಮಹದೇವಮ್ಮನ ಫೋನಿಗೆ ಕರೆ ಮಾಡಿದೆ. ಅದು ಅವರ ಮನೆಯ ಗೂಡಿನಲ್ಲೇ ಹೊಡೆದುಕೊಂಡಿತೆಂದು ಆಮೇಲೆ ತಿಳಿಯಿತು. ಚಪ್ಪಲಿ ಮೆಟ್ಟಿ ಗಾಡಿದಾರಿ ಹಿಡಿದೆ. ನಡೆದೆನೋ ಓಡಿದೆನೋ ನೆನಪಿಲ್ಲ. ಕಲ್ಲಿನ ಬಳಿ ಬರುವಷ್ಟರಲ್ಲಿ ಎದೆ ತಮಟೆಯಾಗಿತ್ತು.

ಈಗ, ನೋಡಿದ್ದು.

ಮಂಜಿನ ಮೇಲೆ ಚೆಂಡುಹೂವಿನ ತಲೆಗಳು ಮಾತ್ರ ತೇಲುತ್ತಿದ್ದವು, ಕೆರೆಯ ಮೇಲೆ ಬಿಟ್ಟ ದೀಪಗಳ ಹಾಗೆ. ಅದರ ನಡುವೆ ನನ್ನ ಕಡೆ ಮುಖವಾಗಿ, ತಲೆ ಬಗ್ಗಿಸಿಕೊಂಡು ಮಹದೇವಮ್ಮ, ಸೊಂಟದಿಂದ ಮೇಲಕ್ಕೆ. ನೀಲಿ ಸೀರೆ, ತಲೆಗೆ ಸುತ್ತಿದ ಟವಲು. ಕೈ ಎರಡೂ ಹೂವಿನಲ್ಲಿದ್ದವು. ನನಗೂ ಅವರಿಗೂ ಆರು ಸರಪಳಿ. ನಮ್ಮ ಸರಪಳಿ ಎಂದರೆ ಮೂವತ್ತಮೂರು ಅಡಿ. ಕಣ್ಣಳತೆಯಲ್ಲಿ ನಾನು ತಪ್ಪುವುದು ಕಡಿಮೆ. ಅವರಿಗೆ ಎರಡು ಸರಪಳಿ ಆಚೆಗೆ ಮಂಜು ಬೇರೆ ಕಡೆಗಿಂತ ಸ್ವಲ್ಪ ಕಪ್ಪಾಗಿತ್ತು. ಆ ಕಪ್ಪಿಗೆ ಒಂದು ಕಿವಿ ಇತ್ತು. ಕಿವಿ ಬೀಸಿತು. ಅದರ ಅಂಚು ಹರಿದಿತ್ತು.

ಕಾಲಿಲ್ಲದ ಆನೆ ಅದು. ಮಂಜಿನ ಮೇಲೆ ಸದ್ದಿಲ್ಲದೆ ಜಾರಿಕೊಂಡು ಬರುತ್ತಿತ್ತು, ನಿದ್ದೆಯಲ್ಲಿ ಬೆಟ್ಟ ಬರುವ ಹಾಗೆ. ನನಗೆ ಹೆದರಿಕೆಯಾಗಲಿಲ್ಲ. ಇದು ಹೇಳಲು ನಾಚಿಕೆ. ನಾನು ಗಡಿಯಾರ ನೋಡಿಕೊಂಡೆ. ಆರು ಹನ್ನೆರಡು. ಆಮೇಲೆ, ಜೊತೆಗೆ ನೋಡುತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ಅತ್ತಿತ್ತ ತಿರುಗಿದೆ. ಮೊಬೈಲು ಕೈಗೆ ಬಂದಿತ್ತು. 'ನಿಂತ ಜಾಗ' ಎಂದು ಬೆರಳು ಬರೆಯುತ್ತಿತ್ತು. ಬಾಯಿಂದ ಮಾತ್ರ ಒಂದು ಅಕ್ಷರ ಹೊರಡಲಿಲ್ಲ.

ಆಗ ಮರದ ಮೇಲಿನಿಂದ ಮೂರು ಕೆಮ್ಮು ಕೇಳಿಸಿತು.

ಹೊಂಗೆ ಮರ ನನ್ನ ಬಲಕ್ಕಿತ್ತು, ನನಗಿಂತ ಅವರಿಗೆ ಹತ್ತಿರ. ಸಿದ್ದಯ್ಯ ಕೂಗಲಿಲ್ಲ. ಊರೆಲ್ಲ ಕೇಳುವಂತೆ ಕೂಗಿದ ಗಂಟಲು ಅದು. ಆವತ್ತು ಮಗುವನ್ನು ಮಲಗಿಸುವವರ ಹಾಗೆ ಮಾತಾಡಿತು.

"ಮಾದೇವಿ. ತಿರುಗ್ಬ್ಯಾಡ ಕಣವ್ವ. ಕುಂತ್ಕೊ. ಊವೊಳಗ ಮೆಲ್ಗ ಕುಂತ್ಕೊ. ಚೀಲ ಅಲ್ಲೇ ಬುಡು. ನಾನಿವ್ನಿ, ಕುಂತ್ಕೊ."

ಮಹದೇವಮ್ಮ ಏಕೆ ಎಂದು ಕೇಳಲಿಲ್ಲ. ತಿರುಗಲಿಲ್ಲ. ನೀರಿನಲ್ಲಿ ಇಳಿಯುವವರಂತೆ ಮಂಜಿನಲ್ಲಿ ಇಳಿದರು. ನೀಲಿ ಹೋಯಿತು, ಟವಲು ಹೋಯಿತು. ಹೊಲದಲ್ಲಿ ಹೂವು ಮಾತ್ರ ಉಳಿಯಿತು.

ಆನೆ ಬಂತು. ಅವರು ಇಳಿದ ಜಾಗದಿಂದ ಅರ್ಧ ಸರಪಳಿಯಲ್ಲಿ ನಿಂತಿತು. ಸೊಂಡಿಲು ಮಂಜಿನೊಳಗೆ ಹೋಗಿ ಚೀಲವನ್ನು ಎತ್ತಿಕೊಂಡು ಮೇಲೆ ಬಂತು. ಒದರಿತು. ಬಿಡಿಸಿದ ಹೂವೆಲ್ಲ ಅದರ ಹಣೆಯ ಮೇಲೆ, ಬೆನ್ನಿನ ಮೇಲೆ ಸುರಿದವು. ಅಷ್ಟು ಹಳದಿ ಮೈಮೇಲೆ ಬಿದ್ದದ್ದು ಅದಕ್ಕೂ ಆಶ್ಚರ್ಯವಾದಂತೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿತ್ತು. ಮರದ ಮೇಲಿನಿಂದ ಸಿದ್ದಯ್ಯ ಅದೇ ದನಿಯಲ್ಲಿ ಈಗ ಆನೆಗೆ ಹೇಳುತ್ತಿದ್ದರು. "ಒತ್ತಾಯ್ತು ಕಣಪ್ಪ. ಓಗು. ಎಲ್ರೂ ಓದ್ರು, ನೀನೂ ಓಗು." ಎಷ್ಟು ಹೊತ್ತು ಹೇಳಿದರೋ, ಗಡಿಯಾರ ನೋಡಲಿಲ್ಲ. ಕೊನೆಗೆ ಅದು ತಿರುಗಿತು. ಹೂವು ಉದುರಿಸಿಕೊಂಡು, ಬಂದ ಹಾಗೆಯೇ ಸದ್ದಿಲ್ಲದೆ ಮೂಡಲ ಮಂಜಿನೊಳಗೆ ಕರಗಿತು.

ಮಹದೇವಮ್ಮ ಎದ್ದು ನಿಂತರು. ಸೀರೆಯ ಮಣ್ಣು ಕೊಡವಿಕೊಂಡರು. ಕಲ್ಲಿನ ಬಳಿ ನಿಂತಿದ್ದ ನನ್ನನ್ನು ಆಗ ಕಂಡರು.

"ಏನೂ ಇಲ್ಲ ಅಂದ್ರಲ್ಲ ಸಾ."

ಅಷ್ಟೇ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ ಬಗ್ಗಿ ಹರಿದ ಚೀಲ ಹುಡುಕಿ, "ಟೆಂಪೋ ಬಂದ್ಬುಡ್ತದ" ಎಂದು ಮತ್ತೆ ಹೂವಿಗೆ ಕೈ ಹಾಕಿದರು. ಹೂವಿನ ಜೊತೆ ಎಲೆಯೂ ಬರುತ್ತಿತ್ತು. ನಾನು ಹೋಗಿ ಪಕ್ಕದ ಸಾಲಿನಲ್ಲಿ ಬಿಡಿಸತೊಡಗಿದೆ. ನನಗೂ ಎಲೆಯೇ ಬಂತು.

ಊರಿಗೆ ಬಂದವನೇ ನಂಜುಂಡಪ್ಪನ ಜಗಲಿ ಹತ್ತಿದೆ. ಜೀವಮಾನದಲ್ಲಿ ಅಷ್ಟು ಜೋರಾಗಿ ನಾನು ಯಾರನ್ನೂ ಕೇಳಿರಲಿಲ್ಲ.

"ಕಂದಕದ ಹತ್ತಿರ ನಿಂತಿದ್ದಿರಾ ನೀವು?"

"ಇಲ್ಲ ಸಾ. ಇಲ್ಲೇ ಇದ್ದೆ. ದಿನಾ ಐದೂವರೆಗೆ ಓಯ್ತದಲ್ಲ, ಓಗಿರ್ತದ ಅಂತ ಆಕ್ದೆ."

"ಶಿವಣ್ಣ? ಮಹೇಶ?"

"ಮನ್ಗಿದ್ರು."

"ನೋಡದೆ ಇದ್ದವರ ಹೆಸರನ್ನ ಸಾಕ್ಷಿ ಅಂತ ಹೇಗೆ ಹಾಕಿದ್ರಿ?"

ನಂಜುಂಡಪ್ಪನ ಮುಖ ಬಿಳಿಚಿತ್ತು. ಮಹದೇವಮ್ಮನ ವಿಷಯ ಅಷ್ಟರಲ್ಲಿ ಅವರಿಗೂ ಮುಟ್ಟಿತ್ತು. ಆದರೂ ನನ್ನನ್ನು ನೋಡಿದ ನೋಟದಲ್ಲಿ ನಿಜವಾದ ಬೆರಗಿತ್ತು.

"ನೀವೇ ಅಲ್ವಾ ಸಾ ಕಲಿಸ್ದೋರು? ನಿಮ್ಮ ಮಜರ್‌ಗ ಎಷ್ಟು ಸೈನ್ ಆಕಿಲ್ಲ ನಾನು! ಯಾವತ್ತಾದ್ರೂ ಒಂದ್ ಕಲ್ಲ ನೋಡಿದ್ನಾ? ಟೀ ಅಂಗಡೀಲಿ ಬನ್ನು ತಿನ್ಕಂಡು ಆಕ್ತಿದ್ದೆ. ನೀವೇ ಪೆನ್ನು ಕೊಡ್ತಿದ್ರಿ."

ಜಗಲಿಯ ಮೇಲೆ ಕೂತುಬಿಟ್ಟೆ. ಅವರು ಹೇಳಿದ್ದು ನಿಜ. ಬಿಸಿಲಿನಲ್ಲಿ ಹೊಲ ಸುತ್ತಲು ದೊಡ್ಡವರು ಯಾರು ಬರುತ್ತಾರೆ? ಅಳತೆ ಮುಗಿಸಿಕೊಂಡು ಬಂದು ಟೀ ಅಂಗಡಿಯ ಬೆಂಚಿನ ಮೇಲೆ ಕಾಗದ ಹರಡಿದರೆ ಊರಿನ ಮುಖಂಡರು ಒಬ್ಬೊಬ್ಬರಾಗಿ 'ಕಣ್ಣಾರೆ ಕಂಡಿದ್ದೇವೆ' ಎಂಬುದರ ಕೆಳಗೆ ರುಜು ಹಾಕುತ್ತಿದ್ದರು. ಎಲ್ಲ ಊರಿನಲ್ಲೂ ಹಾಗೇ. ನನಗೂ ಅದು ತಪ್ಪೆಂದು ತೋರಿರಲಿಲ್ಲ.

ಹಾಗೆ ಕೂತವನಿಗೆ ಇನ್ನೊಂದು ನೆನಪಾಯಿತು. ಭೀಮನಬೀಡಿನಲ್ಲಿ ನಾನು ಅಳತೆಗೆ ಬಂದಾಗಲೆಲ್ಲ ಸರಪಳಿಯ ಈ ತುದಿ ನನ್ನ ಕೈಯಲ್ಲಿರುತ್ತಿತ್ತು. ಆ ತುದಿ? ಆ ತುದಿಯನ್ನು ಹಿಡಿದು ಮುಳ್ಳಿನಲ್ಲಿ, ಕೆಸರಿನಲ್ಲಿ, ಪ್ರತಿ ಕಲ್ಲಿನ ಬಳಿಯೂ ನಿಲ್ಲುತ್ತಿದ್ದವರು ಸಿದ್ದಯ್ಯ. ಊರಿಗೆ ಸಾರುವವರದೇ ಆ ಕೆಲಸ ಕೂಡ. ಎಲ್ಲ ಕಲ್ಲುಗಳನ್ನೂ ಕಣ್ಣಾರೆ ಕಂಡವರು ಅವರೊಬ್ಬರೇ. ಒಂದು ಮಹಜರಿನಲ್ಲೂ ಅವರ ಹೆಬ್ಬೆಟ್ಟಿಲ್ಲ. ಕಾಗದ ಹರಡಿದಾಗ ಅವರು ಅಂಗಡಿಯ ಹೊರಗೆ, ಸರಪಳಿ ಸುತ್ತಿಕೊಂಡು, ಬಿಸಿಲಿನಲ್ಲಿ ನಿಂತಿರುತ್ತಿದ್ದರು. ಒಳಗೆ ಕರೆಯಬೇಕೆಂದು ನನಗೂ ಹೊಳೆಯಲಿಲ್ಲ, ಬರಬಹುದೆಂದು ಹೇಳಿ ಅವರನ್ನು ಯಾರೂ ಬೆಳೆಸಿರಲಿಲ್ಲ.

ಮಧ್ಯಾಹ್ನ ಹೊಂಗೆ ಮರದ ಹತ್ತಿರ ಹೋದೆ. ಸಿದ್ದಯ್ಯ ಕೆಳಗೆ ನೆರಳಿನಲ್ಲಿ ಮುದ್ದೆ ಉಣ್ಣುತ್ತಿದ್ದರು. ಅಳಿಸಿದ್ದು ನಾನೇ ಎಂದೆ. ಅವರಿಗೆ ಗೊತ್ತಿರಲಿಲ್ಲ, ಅವರ ಫೋನಿನಲ್ಲಿ ಬರುವ ಬರಹದ ಸಾಲುಗಳೆಲ್ಲ ಅವರಿಗೆ ಒಂದೇ.

"ಅದ್ಕೇನ್ ಬುದ್ಧಿ" ಎಂದರು. "ತಮಟ ಬಡ್ದು ಕೂಗುವಾಗ್ಲೂ ಬಾಗ್ಲು ಆಕ್ಕಳೋರು ಆಕ್ಕತಿದ್ರು. ಕೂಗಾದು ನಾನ್ ಬುಟ್ನಾ?"

"ಒಬ್ಬರೇ ನೋಡಿದ್ದು ಅಂತ..."

"ಒಬ್ನೇ ಅಂತ ನಾನೂ ಏಳ್ತಿದ್ದೆ, ದಿಟ." ಕೈ ತೊಳೆದುಕೊಂಡು, ಸ್ವಲ್ಪ ಯೋಚಿಸಿ ನಕ್ಕರು. "ಆದ್ರ ನಾನ್ ಅದುನ್ನ ನೋಡುವಾಗ ಅದೂ ನನ್ನ ನೋಡ್ತಿತ್ತಲ್ಲ ಬುದ್ಧಿ. ಇನ್ನೊಬ್ರು ಬೇಕು ಅಂದ್ರ ಅದುನ್ನೇ ಬರ್ಕಳಿ."

ಆ ಸಂಜೆ ಮೂರನೆಯ ನಿಯಮವನ್ನು ತಿದ್ದಿದೆ. ಜೊತೆಗೆ ಯಾರೂ ಇಲ್ಲದಿದ್ದರೆ 'ಒಬ್ಬನೇ' ಎಂದು ಬರೆದರೆ ಸಾಕು. ಓದಲು ಬಾರದವರಿಗಾಗಿ ಅದನ್ನೇ ಬಾಯಲ್ಲಿ ಹೇಳಿ ಹಾಕಿದೆ. ಹೇಳುವ ಮುಂಚೆ ಮೂರು ಸಲ ಕೆಮ್ಮಬೇಕಾಯಿತು. ಊರವರು ನನ್ನನ್ನು ಅಣಕಿಸುವುದಕ್ಕೆ ಒಂದು ವಾರ ಅದೇ ಸಾಕಾಯಿತು. ಗ್ರೂಪು ಈಗ ಮೊದಲಿನಷ್ಟು ಅಚ್ಚುಕಟ್ಟಾಗಿಲ್ಲ. ನಂಜುಂಡಪ್ಪ ಸೋಮವಾರಕ್ಕೊಮ್ಮೆ ಮಾದಪ್ಪನ ಪಟ ಹಾಕುತ್ತಾರೆ, ಇರಲಿ ಎಂದು ಬಿಡುತ್ತೇನೆ. ಅಳಿಸುವ ಮುಂಚೆ ಒಂದು ಸಲ ಕಣ್ಣು ಮುಚ್ಚಿ, ಹಾಕಿದವರು ನಿಂತ ಜಾಗದಲ್ಲಿ ನಿಂತು ನೋಡುತ್ತೇನೆ. ಅಲ್ಲಿಂದ ಎಷ್ಟೋ ಸಲ ಅದು ಹುಲಿಯೇ.

ಅಳಿಸಿದ ದನಿ ತಿರುಗಿ ಬರುವುದಿಲ್ಲವಂತೆ, ತಿಳಿದವರನ್ನು ಕೇಳಿದೆ. ನಾನು ಅಳಿಸದೆ ಬರೀ ಗದರಿ ಬಿಟ್ಟಿದ್ದ ಆ ಮಂಜಿನ ದನಿಯೊಂದು ಉಳಿದಿದೆ. ಅದನ್ನು ಉಳಿಸಿಕೊಂಡು ಮೊಬೈಲಿನ ಬೇರೆ ಎಲ್ಲವನ್ನೂ ಮೊನ್ನೆ ಕಳೆದೆ. ಗುಳಿಯನ್ನೂ ಹಾಗೇ ಬಿಟ್ಟಿದ್ದೇನೆ.

ಜೊತೆಗೆ ನೋಡಿದವರು: ಸಿದ್ದಯ್ಯ, ಹೊಂಗೆ ಮರದ ಮೇಲಿನಿಂದ. ಹೋದ ಮುಂಗಾರಿನಲ್ಲಿ ಎರಡು ದಿನದ ಜ್ವರಕ್ಕೆ ತೀರಿಕೊಂಡರು. ಬಲಗಿವಿ ಹರಿದ ಒಂಟಿ ಆನೆ. ಅದು ಇದೆ, ಹೋದ ವಾರ ಕಂದಕದ ಆಚೆ ಕಂಡವರು 'ಒಬ್ಬನೇ' ಎಂದು ಬರೆದಿದ್ದಾರೆ. ಮಹದೇವಮ್ಮ, ಹೂವಿನೊಳಗೆ ಕೂತು, ಕೆಳಗಿನಿಂದ. ಅವರು ಇದ್ದಾರೆ. ಇವತ್ತು ಬೆಳಿಗ್ಗೆ ಗೇಟಿನ ಬಳಿ ನಿಂತು "ಓಗ್ಬೋದಾ ಸಾ?" ಎಂದರು. ಚಪ್ಪಲಿ ಮೆಟ್ಟಿಕೊಂಡು, "ನಡೆಯಮ್ಮ, ನಾನೂ ಬರ್ತೀನಿ" ಎಂದೆ.